ಕೆರಿಯಮ್ಮ ಒಳಗಿದ್ದ ಇಪ್ಪತ್ತೈದು ನಿಮಿಷ

ಕೆರಿಯಮ್ಮನ ಹಿತ್ತಿಲಿನ ಮಾವಿನ ಬುಡದಲ್ಲಿ ಒಂದು ಸ್ಟೀಲ್ ಲೋಟ ಬಿದ್ದಿದೆ. ಹೋದ ವರ್ಷದ ಜುಲೈಯಿಂದ ಅಲ್ಲೇ ಇದೆ. ಮಳೆನೀರು ತುಂಬಿ, ಸೊಳ್ಳೆ ಮರಿಯಾಗಿ, ಬೇಸಿಗೆಯಲ್ಲಿ ಒಣಗಿ, ಈಗ ಒಳಗೆ ಎರಡು ಬೆರಳು ಕೆಂಪು ಮಣ್ಣು ಕೂತಿದೆ. ಸೊಸೆ ಸುಚಿತ್ರಾ ಅದನ್ನು ತೊಳೆದಿಡಲು ಎರಡು ಸಲ ಹೋದಳು. ಎರಡು ಸಲವೂ ಕೆರಿಯಮ್ಮ, "ಮುಟ್ಬೇಡ. ಹೇಲು ಮುಟ್ಟಿದಂಗೆ ಅದು" ಎಂದರು. ಆ ಲೋಟದಲ್ಲಿ ಶ್ರೀನಾಥ್ ಚಹಾ ಕುಡಿದಿದ್ದ.

ಕೆರಿಯಮ್ಮನಿಗೆ ಈಗ ಅರವತ್ತೊಂದು. ಹೊಸನಗರದಿಂದ ಸಾಗರದ ಕಡೆ ಹೋಗುವ ರಸ್ತೆಯಲ್ಲಿ ಹನ್ನೊಂದನೆಯ ಕಿಲೋಮೀಟರಿಗೆ ಎಡಕ್ಕೆ ಇಳಿದರೆ ಅವರ ಮನೆ. ಅವರು ಮಾವಿಗೆ ಕಸಿ ಕಟ್ಟುವವರು. ಸಸ್ಯಕ್ಷೇತ್ರವೊಂದರಲ್ಲಿ ಹದಿನಾಲ್ಕು ವರ್ಷ ದಿನಗೂಲಿಗೆ ಚೀಲಕ್ಕೆ ಮಣ್ಣು ತುಂಬಿದರು. ಕಸಿ ಕಟ್ಟುವವರ ಬೆನ್ನ ಹಿಂದೆ ನಿಂತು ಕೆಲಸ ಕಲಿತರು. ಕಾಡುಮಾವಿನ ಗೊರಟೆಯಿಂದ ಎಬ್ಬಿಸಿದ ಎಳೆ ಸಸಿಯ ತಲೆ ಕತ್ತರಿಸಿ ಸೀಳುತ್ತಾರೆ. ಒಳ್ಳೆಯ ಮರದಿಂದ ತಂದ ಗೇಣುದ್ದದ ಕಡ್ಡಿಯ ತುದಿಯನ್ನು ಬೆಣೆಯ ಹಾಗೆ ಹೆರೆದು ಆ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಐಸ್‌ಕ್ಯಾಂಡಿಯ ಕವರನ್ನು ಟೊಪ್ಪಿಯಂತೆ ತೊಡಿಸುತ್ತಾರೆ. ಮೂರು ವಾರದಲ್ಲಿ ಚಿಗುರೊಡೆದರೆ ಕಸಿ ಹತ್ತಿತು ಎಂದು ಅರ್ಥ. ಬೇರೆಯವರ ಕೈಯಲ್ಲಿ ನೂರಕ್ಕೆ ನಲವತ್ತು ಹತ್ತಿದರೆ ಕೆರಿಯಮ್ಮನ ಕೈಯಲ್ಲಿ ಎಪ್ಪತ್ತು ಹತ್ತುತ್ತದೆ.

ಆ ಸುತ್ತಿನ ಏಳೆಂಟು ಊರುಗಳಲ್ಲಿ ಕಸಿಕಡ್ಡಿಯನ್ನು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ. ಕೇಳಿ ತಂದದ್ದು ಹತ್ತುವುದಿಲ್ಲ, ಕದ್ದು ತಂದದ್ದೇ ಹತ್ತುವುದು ಎಂದು ನಂಬಿಕೆ. ಈ ನಂಬಿಕೆಗೆ ಯಾವ ಆಧಾರವೂ ಇಲ್ಲ. ತಾನು ಹೇಗೆ ಬಂದೆ ಎಂಬುದು ಕಡ್ಡಿಗೆ ಗೊತ್ತಾಗುವುದಿಲ್ಲ. ಆದರೆ ಇದರಿಂದ ಒಂದು ಪದ್ಧತಿ ಬೆಳೆದಿತ್ತು. ಕಡ್ಡಿ ಬೇಕಾದವರು ಬಂದು ಅದೂ ಇದೂ ಮಾತಾಡಿ, "ನೀರು ಸಿಗ್ತದಾ?" ಎಂದು ಕೇಳುತ್ತಾರೆ. ಮನೆಯವರು ಅರ್ಥ ಮಾಡಿಕೊಂಡು ಒಳಗೆ ಹೋಗುತ್ತಾರೆ. ಬಂದವರು ಒಂದು ಕಡ್ಡಿ, ಹೆಚ್ಚೆಂದರೆ ಎರಡು, ಕತ್ತರಿಸಿ ಸೆರಗಿನಲ್ಲೋ ಮಡಿಸಿದ ಕೊಡೆಯೊಳಗೋ ಇಟ್ಟುಕೊಂಡು ಕೆಮ್ಮುತ್ತಾರೆ. ಕೆಮ್ಮು ಕೇಳುವವರೆಗೆ ಮನೆಯವರು ಹೊರಗೆ ಬರಬಾರದು. ಬಂದರೆ ಕೊಡಲು ಮನಸ್ಸಿಲ್ಲ ಎಂದಂತೆ. ಕೆಮ್ಮಿದ ಮೇಲೆ ನೀರು, ಬೆಲ್ಲ, ಕೆಲವು ಮನೆಗಳಲ್ಲಿ ಚಹಾ. ಕಡ್ಡಿಯ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ.

ಕೆರಿಯಮ್ಮನ ಹಿತ್ತಿಲಿನ ಅಪ್ಪೆಮಿಡಿ ಮರ ಬಂದದ್ದೂ ಹಾಗೆಯೇ. ಕಡ್ಡಿ ಕೊಟ್ಟ ಹಳೆಯ ಮರ ಊರಿನ ಜಮೀನುದಾರರ ಮನೆಯ ಜಲಜಮ್ಮನವರ ಗದ್ದೆಯಂಚಿನಲ್ಲಿ, ಹಳ್ಳದ ದಡದಲ್ಲಿತ್ತು. ಜಲಜಮ್ಮನವರ ಮಾವನ ಕಾಲದಲ್ಲಿ ಕೆರಿಯಮ್ಮನ ಅತ್ತೆಮನೆಯವರು ಆ ಗದ್ದೆಗೆ ಗೇಣಿದಾರರು. ಭತ್ತ ಅಳೆಯುವಾಗ ಆ ಮನೆಯವರು ಕೊಳಗದ ಮೇಲಿಂದ ಕಣ್ಣು ತೆಗೆದವರಲ್ಲ. ಆದರೆ ಹತ್ತು ವರ್ಷದ ಕೆಳಗೆ ಕೆರಿಯಮ್ಮ ಹೋಗಿ "ನೀರು ಸಿಗ್ತದಾ ಅಮ್ಮ?" ಎಂದಾಗ, ಮಂಡಿನೋವಿನ ಜಲಜಮ್ಮ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಮುಂದಿನ ಮಳೆಗಾಲದಲ್ಲಿ ಹಳ್ಳ ದಡ ಕೊರೆದು ಹಳೆಯ ಮರ ಬಿತ್ತು. ಆ ಮರದ ತಳಿಯಲ್ಲಿ ಉಳಿದದ್ದು ಕೆರಿಯಮ್ಮ ಕಟ್ಟಿದ ಒಂದೇ ಕಸಿ.

ಅದು ಮೂರು ವರ್ಷದ ಹಿಂದೆ ಮಿಡಿ ಬಿಟ್ಟಿತು. ಮುರಿದರೆ ಜೀರಿಗೆಯ ವಾಸನೆ, ಕೈಗೆ ತಾಗಿದರೆ ಸುಡುವಷ್ಟು ಸೊನೆ. ಆದರೂ ಕೆರಿಯಮ್ಮ ಆಗಲೇ ಅದರಿಂದ ಕಸಿ ಕಟ್ಟಲಿಲ್ಲ. ಉಪ್ಪಿನಕಾಯಿ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಬಿಗಿದು, ಎರಡು ವರ್ಷ ಇಟ್ಟರು. ಮಿಡಿ ಮೆತ್ತಗಾದರೆ ಆ ಮರ ಕಸಿಗೆ ತಕ್ಕುದಲ್ಲ ಎಂಬುದು ಅವರ ಲೆಕ್ಕ. ಊರಿನವರೂ ಅವರ ಮಾತಿಗೆ ಕಾಯುತ್ತಿದ್ದರು, ಯಾರೂ ಬಂದು ನೀರು ಕೇಳಿರಲಿಲ್ಲ. ಹೋದ ವರ್ಷದ ಯುಗಾದಿಗೆ ಭರಣಿ ತೆರೆದರು. ಮಿಡಿ ಹಲ್ಲಿಗೆ ಕರಕ್ ಎಂದಿತು. ಕೆರಿಯಮ್ಮ ನಲವತ್ತು ಸಸಿ ಎಬ್ಬಿಸಿ, ಆಷಾಢದ ಮಳೆ ಸ್ವಲ್ಪ ಬಿಡುವು ಕೊಡಲಿ ಎಂದು ಕಾದರು. ಭರಣಿಯ ಸುದ್ದಿ ಮಾತ್ರ ಕಾಯಲಿಲ್ಲ, ತೀರ್ಥಹಳ್ಳಿಯವರೆಗೂ ಹೋಯಿತು.

ಶ್ರೀನಾಥ್ ತೀರ್ಥಹಳ್ಳಿಯ ಹತ್ತಿರ ನರ್ಸರಿ ಇಟ್ಟವನು. ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬಂದ. ಪಿಕಪ್ ಗಾಡಿಯನ್ನು ತಿರುವಿನಲ್ಲೇ ನಿಲ್ಲಿಸಿ, ಒಬ್ಬನೇ ನಡೆದು ಬಂದು ಜಗಲಿಯ ಮೇಲೆ ಕೂತ. ಮಳೆ, ರಸ್ತೆ, ಕೊಳೆರೋಗ ಎಲ್ಲ ಮಾತಾಡಿದ ಮೇಲೆ, "ನೀರು ಸಿಗ್ತದಾ ಅಮ್ಮ?" ಎಂದ.

ದೂರದವನಿಗೂ ನಮ್ಮ ಪದ್ಧತಿ ಗೊತ್ತಲ್ಲ ಎಂದು ಕೆರಿಯಮ್ಮನಿಗೆ ಸಂತೋಷವೇ ಆಯಿತು. ನೀರು ಬೇಡ, ಚಹಾವನ್ನೇ ಕೊಡೋಣ ಎಂದು ಒಳಗೆ ಹೋದರು.

ಮೊದಲು ಚಟ್ ಎಂದಿತು. ಒಂದು. ಮತ್ತೆ ಚಟ್. ಎರಡು. ಕೆರಿಯಮ್ಮ ಹಾಲು ಹಾಕಿದರು. ಮೂರನೆಯದು ಕೇಳಿದಾಗ, ಪೇಟೆಯವರು, ಇರಲಿ ಎಂದುಕೊಂಡರು. ಆಮೇಲೆ ಇನ್ನಿಬ್ಬರ ಹೆಜ್ಜೆ, ಏಣಿ ಮರಕ್ಕೆ ತಾಗಿದ ಸದ್ದು. ಕತ್ತಿಯ ಏಟು. ಗರಗಸ. ಸಿಪ್ಪೆ ಸೀಳಿ ಕೊಂಬೆ ಬೀಳುವ ಸದ್ದು. ಚಹಾ ಉಕ್ಕಿ ಒಲೆ ಆರಿತು. ಕೆರಿಯಮ್ಮ ಅಡಿಗೆಮನೆಯ ಬಾಗಿಲಿನವರೆಗೆ ಬಂದು ಚೌಕಟ್ಟು ಹಿಡಿದು ನಿಂತರು. ಕೆಮ್ಮು ಕೇಳಿರಲಿಲ್ಲ. ಕೆಮ್ಮು ಕೇಳದೆ ಹೊರಗೆ ಹೋಗುವುದನ್ನು ಅವರು ಹುಟ್ಟಿದ ಮೇಲೆ ಮಾಡಿದವರಲ್ಲ. ಗೋಡೆಯ ಗಡಿಯಾರ ಎದುರಿಗೇ ಇತ್ತು. ಇಪ್ಪತ್ತೈದು ನಿಮಿಷ.

ಕೊನೆಗೆ ಶ್ರೀನಾಥ್ ಕೆಮ್ಮಿದ. ಗಂಟಲು ಸರಿಮಾಡಿಕೊಂಡು, ಎರಡು ಸಲ, ನೀಟಾಗಿ.

ಕೆರಿಯಮ್ಮ ಲೋಟ ಹಿಡಿದು ಹೊರಗೆ ಬಂದರು. ಮರದಲ್ಲಿ ಒಂದು ಎಲೆಯೂ ಇರಲಿಲ್ಲ. ಕಡಿದ ಕೊಂಬೆಗಳಿಂದ ಸೊನೆ ಸುರಿಯುತ್ತಿತ್ತು. ಅವರ ಬಾಯಿಂದ ಬಂದ ಮಾತು, "ಚಾ ತಗಳಿ."

ಆ ಮಾತನ್ನು ನೆನೆದರೆ ಇವತ್ತಿಗೂ ಅವರು ಥೂ ಎನ್ನುತ್ತಾರೆ. ಶ್ರೀನಾಥ್ ಮರದ ಬುಡದಲ್ಲಿ ನಿಂತು ಪೂರ್ತಿ ಕುಡಿದ. "ಒಳ್ಳೆ ಚಾ ಅಮ್ಮ" ಎಂದು ಲೋಟವನ್ನು ಅಲ್ಲೇ ನೆಲಕ್ಕಿಟ್ಟು ಹೋದ. ತಿರುವಿನಲ್ಲಿದ್ದ ಪಿಕಪ್ಪಿನಲ್ಲಿ ಕಡ್ಡಿ ತುಂಬಿದ ಗೊಬ್ಬರದ ಚೀಲಗಳ ಬಾಯಿ ಆಗಲೇ ಕಟ್ಟಿತ್ತು.

ಸುಚಿತ್ರಾ ಸಾಗರದಲ್ಲಿ ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಾಳೆ. ದಿನಕ್ಕೆ ಇಪ್ಪತ್ತು ಅರ್ಜಿ ಟೈಪಿಸುವ ಅವಳಿಗೆ ದೂರಿನ ಭಾಷೆ ಬಾಯಿಪಾಠ. ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಏಣಿ ಹತ್ತಿ, ಕಡಿದ ಬಾಯಿಗಳಿಗೆಲ್ಲ ಸಗಣಿ ಮತ್ತು ಮೈಲುತುತ್ತದ ಮುದ್ದೆ ಮೆತ್ತುತ್ತಿದ್ದರು.

"ಬದುಕ್ತದಾ ಅತ್ತೆ?"

"ಗೊತ್ತಿಲ್ಲ. ಈ ಮಳೇಲಿ ಎಲೆ ಪೂರ್ತಿ ತೆಗೆದ್ರೆ ಅರ್ಧಕ್ಕರ್ಧ ಸಾಯ್ತವೆ. ಆ ಕಡ್ಡಿ ವಾಪಸ್ ಬೇಕು. ಬಾಳೆಪಟ್ಟೇಲಿ ಇಟ್ರೆ ಆರು ದಿನ ಜೀವ ಹಿಡೀತವೆ. ಅವ ಗೊಬ್ಬರದ ಚೀಲಕ್ಕೆ ತುಂಬಿದಾನೆ. ನಾಲ್ಕು ದಿನ ಅಂತಿಟ್ಕ."

ಸುಚಿತ್ರಾ ಮರುದಿನ ದೂರು ಟೈಪ್ ಮಾಡಿ ತಂದು ಓದಿದಳು. "ನಾನು ಪಡಿತರ ತರಲು ಹೋಗಿದ್ದಾಗ ಸದರಿ ಆರೋಪಿಯು..."

"ಎಲ್ಲಿಗೆ ಹೋಗಿದ್ದೆ ನಾನು?"

"ಹಂಗೆ ಬರೀಬೇಕು ಅತ್ತೆ. ಮನೇಲೇ ಇದ್ದೆ ಅಂದ್ರೆ ಕೇಸು ನಿಲ್ಲಲ್ಲ."

"ಅವ ಕದ್ದಿದ್ದಕ್ಕೆ ನಾ ಸುಳ್ಳು ಹೇಳ್ಬೇಕಾ? ಹರಿದು ಹಾಕು."

ಬುಧವಾರ ಬೆಳಿಗ್ಗೆ ಕೆರಿಯಮ್ಮ ಒಬ್ಬರೇ ಠಾಣೆಗೆ ಹೋದರು. ದೂರು ಬರೆದುಕೊಳ್ಳುವವರು ಹೆಡ್ ಕಾನ್‌ಸ್ಟೆಬಲ್ ಚಂದ್ರಯ್ಯ, ನಿವೃತ್ತಿಗೆ ಎರಡು ವರ್ಷ ಇದ್ದವರು.

"ಎಂತ ಕಳುವಾಗಿದ್ದು?"

"ಮಾವಿನ ಕಡ್ಡಿ. ಇನ್ನೂರರ ಮೇಲೆ."

ಪಕ್ಕದ ಮೇಜಿನ ಕಾನ್‌ಸ್ಟೆಬಲ್ ತಲೆ ಎತ್ತಿ ನಕ್ಕ. "ಹೋಮಕ್ಕಾ ಅಮ್ಮ?"

ಚಂದ್ರಯ್ಯ ನಗಲಿಲ್ಲ. ಅವರ ಮನೆಯಲ್ಲೂ ಉಪ್ಪಿನಕಾಯಿ ಹಾಕುತ್ತಾರೆ. ಕನ್ನಡಕ ಏರಿಸಿಕೊಂಡು ಬೆರಳು ಮಡಿಸಿದರು. "ಕಳ್ಳತನ ಅನ್ನಕ್ಕೆ ಐದು ಬೇಕು ಅಮ್ಮ. ವಸ್ತು ಕದಲಿಸೋ ಅಂಥದ್ದಾಗಿರ್ಬೇಕು. ಇನ್ನೊಬ್ರ ಸ್ವಾಧೀನದಲ್ಲಿ ಇರ್ಬೇಕು. ಅದನ್ನ ಜಾಗ ಬಿಟ್ಟು ಕದಲಿಸ್ಬೇಕು. ಮನಸ್ಸಲ್ಲಿ ಮೋಸ ಇರ್ಬೇಕು. ಅವರ ಒಪ್ಪಿಗೆ ಇರ್ಬಾರ್ದು. ಕಡ್ಡಿ ಮರದಲ್ಲಿ ಇರೋ ತನಕ ನೆಲಕ್ಕೆ ಅಂಟಿದ ವಸ್ತು, ಅದನ್ನ ಕದಿಯಕ್ಕೆ ಬರಲ್ಲ. ಕಡಿದ ಕೂಡ್ಲೇ ಬರ್ತದೆ. ಹಂಗಾಗಿ ಅಲ್ಲೀ ತನಕ ಸರಿ ಇದೆ. ಮನೆ ಒಳಗೆ ನುಗ್ಗಿದ್ನಾ?"

"ಇಲ್ಲ."

"ಹಂಗಾರೆ ಮನೆಗಳ್ಳತನ ಅಲ್ಲ. ಹೆದರಿಸಿದ್ನಾ? ಹೊಡೆಯಕ್ಕೆ ಬಂದ್ನಾ?"

"ಇಲ್ಲ. ಮಳೆ ಸುದ್ದಿ ಮಾತಾಡ್ದ."

"ಸುಲಿಗೆ ಅಲ್ಲ. ಕೈಯಿಂದ ಕಸ್ಕಂಡು ಓಡಿದ್ನಾ? ಅದಕ್ಕೆ ಹೊಸ ಕಾನೂನಲ್ಲಿ ಬೇರೆ ಕಲಮೇ ಇದೆ."

"ಇಲ್ಲ."

"ನಿಮ್ಮ ಕೆಲಸದವನಾ?"

"ಥೂ!"

"ಆಳಿನ ಕಳ್ಳತನ ಅಲ್ಲ. ಇಟ್ಕಂಡಿರು ಅಂತ ನೀವೇ ಕೈಗೆ ಕೊಟ್ಟಿದ್ರಾ? ಹಂಗಾರೆ ನಂಬಿಕೆದ್ರೋಹ ಆಗ್ತದೆ."

"ಕೈಗೆ ಕೊಡ್ಲಿಲ್ಲ. ಒಳಗೆ ಹೋದೆ."

ಪೆನ್ನು ನಿಂತಿತು. "ಅಂದ್ರೆ ನೀವು ಮನೇಲೇ ಇದ್ರಿ. ಕಂಡ್ರಾ?"

"ಕಾಣ್ಲಿಲ್ಲ. ಕೇಳ್ತು."

"ಕೇಳಿ ಎಂತ ಮಾಡಿದ್ರಿ?"

"ಚಾ ಮಾಡ್ದೆ."

ಕಾನ್‌ಸ್ಟೆಬಲ್ ಮತ್ತೆ ನಕ್ಕ. ಚಂದ್ರಯ್ಯ ಕನ್ನಡಕ ತೆಗೆದಿಟ್ಟರು. "ಕೆರಿಯಮ್ಮ, ಒಪ್ಪಿಗೆ ಬಾಯಲ್ಲೇ ಹೇಳ್ಬೇಕು ಅಂತ ಇಲ್ಲ. ನಡತೆಯಿಂದ ತಿಳೀತು ಅಂದ್ರೂ ಒಪ್ಪಿಗೆಯೇ. ಪಕ್ಕದ ಮನೆಯವಳು ದಿನಾ ಬಂದು ಕರಿಬೇವು ಕಿತ್ಕಂಡ್ ಹೋಗ್ತಾಳೆ, ನೀವು ಸುಮ್ನಿರ್ತೀರಿ. ನಾಳೆ ಕಳ್ಳಿ ಅನ್ನಕ್ಕೆ ಆಗಲ್ಲ."

"ನಾ ಒಪ್ಪಿದ್ದು ಒಂದು ಕಡ್ಡಿಗೆ. ಹೆಚ್ಚಂದ್ರೆ ಎರಡು."

"ಅದನ್ನ ಅವನಿಗೆ ಹೇಳಿದ್ರಾ?"

"ಅದನ್ನ ಯಾರಾದ್ರೂ ಹೇಳ್ತಾರಾ?" ಕೆರಿಯಮ್ಮನ ದನಿ ಏರಿತು. "ಊಟಕ್ಕೆ ಕರೆದ್ರೆ ಪಾತ್ರೆ ಹೊತ್ಕಂಡ್ ಹೋಗ್ಬೇಡ ಅಂತ ಹೇಳ್ತಾರಾ?"

ಚಂದ್ರಯ್ಯ ಅದನ್ನು ಹಾಗೆಯೇ ಬರೆದುಕೊಂಡರು. ಆಮೇಲೆ ಶ್ರೀನಾಥನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಆ ಕಡೆಯ ದನಿಯಲ್ಲಿ ಗಾಬರಿಯೇ ಇರಲಿಲ್ಲ. "ಸಾರ್, ಅದು ಅವರ ಕಡೆ ಪದ್ಧತಿ. ಅವರೇ ಒಳಗೆ ಹೋಗಿದ್ದು. ಚಾ ಬೇರೆ ಕೊಟ್ರು. ಕಳ್ಳನಿಗೆ ಯಾರಾದ್ರೂ ಚಾ ಕೊಡ್ತಾರಾ ಸಾರ್?"

ಕೆರಿಯಮ್ಮ ಎದ್ದು ಹೊರಗೆ ಹೋಗಿ, ಕಾಂಪೌಂಡಿನ ಮೂಲೆಯಲ್ಲಿ ಉಗಿದು, ಬಾಯಿ ಒರೆಸಿಕೊಂಡು ಬಂದು ಕೂತರು.

ಮುಂದಿನದನ್ನು ಚಂದ್ರಯ್ಯ ಮೆತ್ತಗೆ ಹೇಳಿದರು. ಕಟ್ಟಿಗೆ ಎಂದು ಹಿಡಿದರೆ ಅದು ಒಂದು ಹೊರೆ. ಕಸಿಕಡ್ಡಿ ಎಂದು ಹಿಡಿದರೂ ಬೆಲೆ ಐದು ಸಾವಿರ ದಾಟುವುದಿಲ್ಲ. ಐದು ಸಾವಿರದೊಳಗಿನ ಕಳ್ಳತನವನ್ನು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಅಪ್ಪಣೆ ತರಲು ಕೆಲವು ದಿನ ಬೇಕು. ಮರ ಕೆಡಿಸಿದ್ದಕ್ಕೆ ಬೇರೆ ಕಲಂ ಇದೆ, ಅದೂ ನಿಧಾನವೇ.

"ಅಪ್ಪಣೆ ಸಿಕ್ರೆ ಕಡ್ಡಿ ತಂದ್ಕೊಡ್ತೀರಾ?"

"ಜಪ್ತಿ ಮಾಡಿ ಚೀಟಿ ಅಂಟಿಸಿ ಇಡ್ತೀವಿ. ಕೋರ್ಟು ಬಿಡುಗಡೆ ಮಾಡಿದ್ಮೇಲೆ ನಿಮಗೆ."

"ಅಷ್ಟೊತ್ತಿಗೆ ಕಡ್ಡಿ ಸತ್ತಿರ್ತದೆ."

"ವಸ್ತು ಇರ್ತದಲ್ಲ ಅಮ್ಮ."

"ಹಂಗಾರೆ ನಿಮ್ಮ ಕಾನೂನಿಗೆ ಸತ್ತ ಕಡ್ಡಿ ಆದ್ರೂ ನಡೀತದೆ" ಎಂದು ಕೆರಿಯಮ್ಮ ದೂರಿನ ರಸೀದಿ ಮಡಿಸಿಕೊಂಡರು. ಚಂದ್ರಯ್ಯ ಬಾಗಿಲಿನವರೆಗೆ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ, "ಭರಣಿ ಮಿಡಿ ನಿಜವಾಗ್ಲೂ ಎರಡು ವರ್ಷ ಗಟ್ಟಿ ಇತ್ತಾ?" ಎಂದು ಕೇಳಿದರು. ಇತ್ತು ಎಂದಾಗ ಅವರ ಮುಖ ಸಣ್ಣದಾಯಿತು.

ಗುರುವಾರ ಬೆಳಗಿನ ಖಾಸಗಿ ಬಸ್ಸಿಗೆ ಕೆರಿಯಮ್ಮ ತೀರ್ಥಹಳ್ಳಿಗೆ ಹೋದರು. ಕೊಡೆಯೊಳಗೆ ಒದ್ದೆ ಬಾಳೆಪಟ್ಟೆ, ಸೊಂಟದಲ್ಲಿ ಕಸಿಚಾಕು. ಏನು ಮಾಡಬೇಕು ಎಂದು ಅವರಿಗೇ ಸ್ಪಷ್ಟವಿರಲಿಲ್ಲ. ಬೈಯಬಹುದು, ಕೈ ಮುಗಿಯಬಹುದು. ಕೈ ಮುಗಿಯುವ ಯೋಚನೆ ಬಂದಾಗಲೆಲ್ಲ ಕಿಟಕಿಯ ಹೊರಗೆ ಉಗಿದರು.

ನರ್ಸರಿಯಲ್ಲಿ ಶ್ರೀನಾಥ್ ಇರಲಿಲ್ಲ. ಹಸಿರು ನೆಟ್ಟಿನ ಚಪ್ಪರದ ಕೆಳಗೆ ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕೂತು ಕಸಿ ಕಟ್ಟುತ್ತಿದ್ದಳು. ಕೆರಿಯಮ್ಮನನ್ನು ನೋಡಿ ಕೈ ನಿಲ್ಲಿಸಿದಳು. "ಕೆರಿಯಕ್ಕ ಅಲ್ದಾ? ನಾನು ಪುಷ್ಪ. ಸಸ್ಯಕ್ಷೇತ್ರದಲ್ಲಿ ನಿಮ್ಮ ಹಿಂದೆ ಮಣ್ಣು ತುಂಬ್ತಿದ್ದೆ."

ಪುಷ್ಪಮ್ಮ ಹೊಸನಗರದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಅವಳ ಮುಂದೆ ಒಂದು ಸಾಲು ಸಸಿ, ಆಚೆ ಮೂರು ಗೊಬ್ಬರದ ಚೀಲ. ಚೀಲದ ಬಾಯಿ ಬಿಚ್ಚಿದ್ದರಿಂದ ಹುಳಿತ ಗಂಜಿಯಂಥ ವಾಸನೆ ಹರಡಿತ್ತು.

"ಯಾವಾಗಿಂದ ಕಟ್ತಿದೀಯ?"

"ಮಂಗಳವಾರದಿಂದ. ಬರೀ ಸೊನೆ ಅಕ್ಕ, ಚಾಕು ನಿಲ್ಲಲ್ಲ. ಕಟ್ಟಿದ್ದೆಲ್ಲ ಕಪ್ಪಾಗ್ತಿದೆ. ಸೊನೆ ಇಳೀಲಿ, ಒಂದು ದಿನ ನಿಲ್ಲಿಸಿ ಇಡಣ ಅಂದೆ. ಸಾಹೇಬ್ರು, ಕಟ್ಟು ಕಟ್ಟು, ಹೆಸರಿನ ಬೋರ್ಡು ಬರೆಸಿ ಆಗಿದೆ ಅಂದ್ರು."

ಬೋರ್ಡು ಅಲ್ಲೇ ಗೋಡೆಗೆ ಒರಗಿತ್ತು. ಮಿಡಿಯ ಚಿತ್ರದ ಕೆಳಗೆ ಶ್ರೀನಾಥನ ಹೆಸರು.

ಕೆರಿಯಮ್ಮ ಚೀಲಕ್ಕೆ ಕೈ ಹಾಕಿದರು. ಒಳಗೆ ಬಿಸಿ. ಕಡ್ಡಿಗಳ ಮೇಲೆ ಬಿಳಿ ಬೂಷ್ಟು, ಕೈಗೆ ಲೋಳೆ. ಹತ್ತು ವರ್ಷದ ಮರ, ಎರಡು ವರ್ಷದ ಭರಣಿ, ಮೂರು ದಿನದಲ್ಲಿ ಹೀಗಾಗಿತ್ತು. ಕದ್ದವನು ಬಳಸಿಕೊಂಡಿದ್ದರೂ ಅವರಿಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ. ಅವನಿಗೆ ಕದಿಯಲೂ ಬಂದಿರಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಳ್ಳದೆ ದೂರ ಹಿಡಿದುಕೊಂಡೇ ಪುಷ್ಪಮ್ಮನನ್ನು ನೋಡಿದರು.

"ಪುಷ್ಪ, ನೀರು ಸಿಗ್ತದಾ?"

ಪುಷ್ಪಮ್ಮ ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು. ಪಕ್ಕದಲ್ಲೇ ತುಂಬಿದ ಬಾಟಲಿ ಇತ್ತು. ಅದನ್ನು ಎತ್ತಿಕೊಂಡು, "ಇದು ಬಿಸಿಲಿಗೆ ಕಾದಿದೆ. ಒಳಗಿಂದ ತರ್ತೀನಿ" ಎಂದಳು. ಜುಲೈಯಲ್ಲಿ ಬಿಸಿಲು ಇರಲಿಲ್ಲ. ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಕೆರಿಯಮ್ಮ ಚೀಲಗಳನ್ನು ಕೆಡವಿ ಕುಕ್ಕರುಗಾಲಿನಲ್ಲಿ ಕೂತರು. ಒಂದೊಂದು ಕಡ್ಡಿಯ ಸಿಪ್ಪೆಯನ್ನೂ ಉಗುರಿನಿಂದ ಕೆರೆದು ನೋಡಿದರು. ಕಂದು ಕಂಡರೆ ಎಸೆದರು, ಹಸಿರು ಕಂಡರೆ ಕೊಳೆತ ತುದಿ ಕತ್ತರಿಸಿ ಬಾಳೆಪಟ್ಟೆಗೆ ಸೇರಿಸಿದರು. ಚೀಲದಲ್ಲಿ ಉಳಿದಿದ್ದ ಇನ್ನೂರ ಹದಿನಾಲ್ಕು ಕಡ್ಡಿಗಳಲ್ಲಿ ಹಸಿರು ಇದ್ದದ್ದು ಇಪ್ಪತ್ತಾರರಲ್ಲಿ. ಅಷ್ಟನ್ನು ಸುತ್ತಿ ಕೊಡೆಯೊಳಗೆ ಇಟ್ಟರು.

ಇನ್ನು ಕೆಮ್ಮಬೇಕು. ಕೆಮ್ಮು ಬರಲಿಲ್ಲ. ಬಾಯಿ ತೆರೆದಾಗ, ಸೋಮವಾರ ತನ್ನ ಹಿತ್ತಿಲಿನಲ್ಲಿ ಕೇಳಿದ ಆ ನೀಟಾದ ಎರಡು ಕೆಮ್ಮು ನೆನಪಾಯಿತು. ಎಷ್ಟೋ ಹಿತ್ತಿಲುಗಳಲ್ಲಿ ಹಗುರಾಗಿ ಕೆಮ್ಮಿದ ಹೆಂಗಸು ಅವರು. ಈಗ ಅದೇ ಕೆಮ್ಮು ಎಂಜಲು ಎನಿಸಿತು. ಒಳಗೆ ಪುಷ್ಪಮ್ಮ ಕಾಯುತ್ತಿದ್ದಳು, ಪಾತ್ರೆಯ ಸದ್ದೂ ಇಲ್ಲ. ಅವಳನ್ನು ಎಷ್ಟು ಹೊತ್ತು ಕಾಯಿಸುವುದು? ಕಾಯುವುದು ಎಂದರೆ ಏನು ಎಂದು ಕೆರಿಯಮ್ಮನಿಗೆ ಗೊತ್ತಿತ್ತು. ಅವರು ಕೆಮ್ಮಿದರು. ಒಡೆದ ಮಡಕೆಯಂಥ ಸದ್ದು.

ಪುಷ್ಪಮ್ಮ ನೀರು ತಂದಳು. ಕೆಳಗೆ ಹರಡಿದ ಕಪ್ಪು ಕಡ್ಡಿಗಳನ್ನು ನೋಡಲೇ ಇಲ್ಲ. "ಕೆಮ್ಮು ಜೋರಾಗಿದೆ ಅಕ್ಕ. ಕಷಾಯ ಕುಡೀರಿ."

"ನಿನ್ನ ಸಾಹೇಬ್ರು ಬೈತಾರೆ ನಿಂಗೆ."

"ಬೈಲಿ. ನೀರು ಕೇಳಿದವರಿಗೆ ಇಲ್ಲ ಅಂದಿದ್ದು ನಮ್ಮ ಕಡೆ ಎಲ್ಲಿದೆ?"

ಎರಡು ದಿನ ಬಿಟ್ಟು ಶ್ರೀನಾಥ್ ಚಂದ್ರಯ್ಯನವರಿಗೆ ಫೋನ್ ಮಾಡಿ, ಆ ಹೆಂಗಸು ತನ್ನ ನರ್ಸರಿಯಿಂದ ಕಡ್ಡಿ ಕದ್ದಿದ್ದಾಳೆ ಎಂದ. ಚಂದ್ರಯ್ಯ ಎಲ್ಲ ಕೇಳಿಸಿಕೊಂಡರು. ತನ್ನದು ಎಂದು ನಂಬಿ ತೆಗೆದುಕೊಂಡರೆ ಮೋಸದ ಮನಸ್ಸು ಇದೆ ಎನ್ನುವುದು ಕಷ್ಟ ಎಂದು ವಿವರಿಸಿದರು. ಕೊನೆಗೆ ಕೇಳಿದರು. "ನಿಮ್ಮ ಕೆಲಸದವಳು ನೀರು ಬೇರೆ ಕೊಟ್ಟಿದಾಳಂತಲ್ಲ. ಕಳ್ಳರಿಗೆ ಯಾರಾದ್ರೂ ನೀರು ಕೊಡ್ತಾರಾ?" ಈ ಸುದ್ದಿ ಊರಿಗೆ ಬಂದು ಎಲ್ಲರೂ ನಕ್ಕರು. ಕೆರಿಯಮ್ಮ ನಗಲಿಲ್ಲ.

ಇಪ್ಪತ್ತಾರನ್ನು ಒಂದು ರಾತ್ರಿ ಬಾಳೆಪಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ, ಉಳಿದ ಸೊನೆ ಇಳಿಸಿ, ಶುಕ್ರವಾರ ಕಟ್ಟಿದರು. ಹತ್ತಿದ್ದು ಒಂಬತ್ತು. ಮರದ ತೆಂಕಣ ಭಾಗ ಒಣಗಿ ಹೋಯಿತು, ಅದನ್ನು ಅವರೇ ಕೊಯ್ದು ತೆಗೆದರು. ಬಡಗಣ ಭಾಗದಲ್ಲಿ ಸೆಪ್ಟೆಂಬರಿನಲ್ಲಿ ತಾಮ್ರದ ಬಣ್ಣದ ಚಿಗುರು ಬಂತು.

ಈ ಜೂನಿನಲ್ಲಿ, ಮರ ಸ್ವಲ್ಪ ಚೇತರಿಸಿಕೊಂಡ ಮೇಲೆ, ಕೆಳಗಿನ ಮನೆಯ ಕನ್ನಮ್ಮ ಬಂದು ಜಗಲಿಯ ಮೇಲೆ ಕೂತಳು. ಮಗಳ ಬಾಣಂತನ, ಹಾಲಿನ ಡೈರಿ ಎಲ್ಲ ಮಾತಾಡಿದಳು. ಆಮೇಲೆ ಬೇರೆ ಕಡೆ ನೋಡುತ್ತ, "ನೀರು ಸಿಗ್ತದಾ ಅಕ್ಕ?" ಎಂದಳು.

ಕೆರಿಯಮ್ಮ ಎದ್ದು ಒಳಗೆ ಹೋದರು. ಹೋದವರು ಒಲೆಯ ಹತ್ತಿರ ಹೋಗಲಿಲ್ಲ, ಕಿಟಕಿಯ ಪಕ್ಕ ಗೋಡೆಗೆ ಅಂಟಿ ನಿಂತು ಇಣುಕಿದರು. ಕನ್ನಮ್ಮ ಲೋಟವನ್ನು ತುಳಿಯದೆ ಸುತ್ತು ಹಾಕಿ ಮರದ ಬಳಿ ಹೋಗುವುದು ಕಾಣಿಸಿತು. ನಲವತ್ತು ವರ್ಷ ಒಟ್ಟಿಗೆ ಬದುಕಿದ ಹೆಂಗಸಿನ ಬೆನ್ನನ್ನು ತಾನು ಕಳ್ಳಬೆಕ್ಕಿನ ಹಾಗೆ ನೋಡುತ್ತಿದ್ದೇನೆ ಎಂದು ಗೊತ್ತಾಗಿ, ಕೆರಿಯಮ್ಮನಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಕಿಟಕಿಗೆ ಬೆನ್ನು ಹಾಕಿದರು. ಒಲೆ ಹಚ್ಚಿ ಹಾಲಿಟ್ಟರು.

ಚಟ್ ಎಂದಿತು. ಒಂದು.

ಕೆರಿಯಮ್ಮ ಉಸಿರು ಹಿಡಿದು ನಿಂತರು. ಹಾಲು ಉಕ್ಕಲು ಬಂತು, ಉರಿ ಸಣ್ಣ ಮಾಡಿದರು. ಎರಡನೆಯದು ಕೇಳಲಿಲ್ಲ. ಕನ್ನಮ್ಮ ಕೆಮ್ಮಿದಳು.

ಕೆರಿಯಮ್ಮ ಎರಡು ಲೋಟಕ್ಕೆ ಚಹಾ ಸೋಸಿದರು.